ಕನ್ನಡಕದೊಳಗಿನ ರಸಮಟ್ಟ: ಕೀಲು ಬದಲಾವಣೆಯಲ್ಲಿ ಮಿಶ್ರ ವಾಸ್ತವವನ್ನು ಒಪ್ಪುವ ಮುನ್ನ

ಕೀಲು ಬದಲಾವಣೆಗೆಂದು ಆಸ್ಪತ್ರೆಗೆ ಹೋದ ಕುಟುಂಬದ ಮುಂದೆ ಈಗ ಹೊಸದೊಂದು ಪ್ರಶ್ನೆ ಬರತೊಡಗಿದೆ. ಸಾಮಾನ್ಯ ವಿಧಾನದಲ್ಲಿ ಮಾಡಿಸುವುದೇ, ಮೂಳೆಯ ಅಳತೆಗಳನ್ನು ಪರದೆಯಲ್ಲಿ ತೋರಿಸುವ ಕಂಪ್ಯೂಟರ್ ನ್ಯಾವಿಗೇಷನ್ ನೆರವಿನಲ್ಲೇ, ರೋಬೋಟ್ ಮೂಲಕವೇ, ಅಥವಾ ಶಸ್ತ್ರವೈದ್ಯರು ವಿಶೇಷ ಕನ್ನಡಕ ಧರಿಸಿ ಮಾಡುವ ವರ್ಧಿತ ವಾಸ್ತವದ ವಿಧಾನದಲ್ಲೇ? ನೋವಿನಿಂದ ಬಳಲಿದ ಹಿರಿಯರಿಗಾಗಲಿ, ಅವರನ್ನು ಕರೆದುಕೊಂಡು ಬಂದ ಮಕ್ಕಳಿಗಾಗಲಿ ಈ ಪ್ರಶ್ನೆಗೆ ಅರ್ಧ ಗಂಟೆಯ ಸಮಾಲೋಚನೆಯಲ್ಲಿ ಉತ್ತರ ಹೊಳೆಯುವುದು ಕಷ್ಟ. ಅಂಥವರು ಮನೆಯಲ್ಲಿ ಕುಳಿತು, ಸಾವಧಾನವಾಗಿ, ಒಂದೊಂದೇ ಹೆಜ್ಜೆಯಾಗಿ ಯೋಚಿಸಿ ನಿರ್ಧಾರಕ್ಕೆ ಬರಲೆಂದು ಈ ಮಾರ್ಗದರ್ಶಿಯನ್ನು ಬರೆದಿದೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಕನ್ನಡಕ ಮೂಳೆಯನ್ನು ಕತ್ತರಿಸುವುದಿಲ್ಲ, ಚರ್ಮದ ಒಳಗನ್ನು ಕಾಣುವುದೂ ಇಲ್ಲ. ಅದು ಗಾರೆಯವರ ಕೈಯಲ್ಲಿರುವ ರಸಮಟ್ಟದಂತೆ ಒಂದು ಅಳತೆಯ ಸಾಧನ. ಗೋಡೆ ನೆಟ್ಟಗಿದೆಯೇ ಎಂಬುದನ್ನು ರಸಮಟ್ಟ ಹೇಳುತ್ತದೆ. ಗೋಡೆಯನ್ನು ಎಲ್ಲಿ ಕಟ್ಟಬೇಕು, ಎಷ್ಟು ಗಟ್ಟಿಯಾಗಿ ಕಟ್ಟಬೇಕು ಎಂಬುದನ್ನು ಕಟ್ಟುವವರೇ ಬಲ್ಲರು. ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಈ ಹೋಲಿಕೆಯನ್ನು ನೆನಪಿನಲ್ಲಿಟ್ಟುಕೊಂಡರೆ ಪ್ರಚಾರದ ಮಾತು ಯಾವುದು, ಹುರುಳಿನ ಮಾತು ಯಾವುದು ಎಂಬುದು ತಾನಾಗಿ ಬೇರ್ಪಡುತ್ತದೆ.

ಹೆಜ್ಜೆ 1: ಕೀಲು ಬದಲಾಯಿಸುವ ಕಾಲ ಬಂದಿದೆಯೇ ಎಂಬುದನ್ನು ಮೊದಲು ತೀರ್ಮಾನಿಸಿ

ಯಾವ ತಂತ್ರಜ್ಞಾನ ಎಂಬ ಪ್ರಶ್ನೆ ಏಳಬೇಕಾದದ್ದು ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂದು ಖಚಿತವಾದ ಮೇಲೆ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವು, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಕೂರಬೇಕೆನಿಸುವ ಸ್ಥಿತಿ, ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆ ತಾಗುವಷ್ಟು ಸವೆತ, ಮತ್ತು ತೂಕ ಇಳಿಸುವಿಕೆ, ವ್ಯಾಯಾಮ, ಔಷಧ ಇವುಗಳಿಂದ ಸಾಕಷ್ಟು ಕಾಲ ಪ್ರಯತ್ನಿಸಿದರೂ ಸಿಗದ ಪರಿಹಾರ, ಇವೆಲ್ಲ ಒಟ್ಟಿಗೆ ಇದ್ದಾಗ ಮಾತ್ರ ಶಸ್ತ್ರಚಿಕಿತ್ಸೆಯ ಮಾತಿಗೆ ಅರ್ಥವಿದೆ. ಎಕ್ಸ್‌ರೇಯಲ್ಲಿ ಸವೆತ ಕಂಡಿತೆಂಬ ಒಂದೇ ಕಾರಣಕ್ಕೆ, ಅಥವಾ ಹೊಸ ಯಂತ್ರ ಬಂದಿದೆಯೆಂಬ ಕಾರಣಕ್ಕೆ, ಯಾರೂ ಮೇಜಿನ ಮೇಲೆ ಮಲಗಬೇಕಾಗಿಲ್ಲ.

ನಮ್ಮಲ್ಲಿ ಇದನ್ನು ಮಂಡಿ ಚಿಪ್ಪು ಬದಲಾಯಿಸುವುದು ಎಂದು ಕರೆಯುವ ರೂಢಿಯಿದೆ. ವಾಸ್ತವವಾಗಿ ಬದಲಾಗುವುದು ತೊಡೆಮೂಳೆಯ ಕೆಳತುದಿಯ ಮತ್ತು ಮಂಡಿಯ ಕೆಳಗಿನ ಕಣಕಾಲು ಮೂಳೆಯ ಮೇಲ್ತುದಿಯ ಸವೆದ ಮೈ. ಕೆಲವು ಮಿಲಿಮೀಟರ್ ದಪ್ಪದಷ್ಟು ಮೂಳೆಯನ್ನು ತೆಗೆದು ಅಲ್ಲಿ ಲೋಹದ ಹೊದಿಕೆಗಳನ್ನು ಕೂರಿಸಿ ನಡುವೆ ಗಟ್ಟಿ ಪ್ಲಾಸ್ಟಿಕ್‌ನ ಹಲಗೆಯೊಂದನ್ನು ಇಡುತ್ತಾರೆ. ಚಿಪ್ಪು ಅನೇಕ ವೇಳೆ ರೋಗಿಯದೇ ಉಳಿಯುತ್ತದೆ. ಈ ವಿವರ ಇಲ್ಲಿ ಮುಖ್ಯ. ಏಕೆಂದರೆ ಆ ಕೆಲವು ಮಿಲಿಮೀಟರ್ ಮೂಳೆಯನ್ನು ಯಾವ ಕೋನದಲ್ಲಿ ತೆಗೆಯಬೇಕು ಎಂಬುದನ್ನು ಅಳೆಯುವುದಕ್ಕಾಗಿಯೇ ಈ ಕನ್ನಡಕ ಹುಟ್ಟಿದೆ.

ಹೆಜ್ಜೆ 2: ಹೆಸರುಗಳ ಗೊಂದಲವನ್ನು ಬಿಡಿಸಿಕೊಳ್ಳಿ

ವರ್ಚುವಲ್ ರಿಯಾಲಿಟಿ ಎಂದರೆ ಕಣ್ಣನ್ನು ಪೂರ್ತಿ ಮುಚ್ಚಿ ಕೃತಕ ಲೋಕವೊಂದನ್ನು ತೋರಿಸುವುದು. ಯುವ ವೈದ್ಯರು ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆ ಇದನ್ನು ಬಳಸುತ್ತಾರೆ; ರೋಗಿಯ ಮೇಲೆ ಕೆಲಸ ಮಾಡುವಾಗ ಇದರ ಬಳಕೆ ಇಲ್ಲ. ವರ್ಧಿತ ವಾಸ್ತವದಲ್ಲಿ ಎದುರಿನ ನಿಜವಾದ ನೋಟ ಹಾಗೆಯೇ ಇದ್ದು, ಅದರ ಮೇಲೆ ಅಂಕಿ, ಗೆರೆ, ಚಿತ್ರಗಳು ಸೇರಿಕೊಳ್ಳುತ್ತವೆ. ಮಿಶ್ರ ವಾಸ್ತವ ಎಂಬ ಹೆಸರನ್ನು ಇಂದು ಹೆಚ್ಚಾಗಿ ಬಳಸುವುದು, ಸೇರಿಸಿದ ಆ ಮೂರು ಆಯಾಮದ ಚಿತ್ರವು ಕೋಣೆಯಲ್ಲಿ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು, ವೈದ್ಯರು ತಲೆ ತಿರುಗಿಸಿದರೂ ಅಲ್ಲಿಯೇ ನಿಂತಂತೆ ಕಾಣುವ ವ್ಯವಸ್ಥೆಗೆ. ನಿಜ ಲೋಕ ಒಂದು ತುದಿಯಲ್ಲಿ, ಕೃತಕ ಲೋಕ ಇನ್ನೊಂದು ತುದಿಯಲ್ಲಿ, ನಡುವಿನದೆಲ್ಲ ಮಿಶ್ರ ಎಂಬ ವಿವರಣೆಯನ್ನು ಸಂಶೋಧಕರಾದ ಪಾಲ್ ಮಿಲ್ಗ್ರಾಮ್ ಮತ್ತು ಫ್ಯೂಮಿಯೊ ಕಿಶಿನೊ 1994ರಲ್ಲಿ ಕೊಟ್ಟರು. ಇಂದಿನ ಬಳಕೆಯ ಬೇರು ಅಲ್ಲಿದೆ. ಇನ್ನೊಂದು ಎಚ್ಚರಿಕೆ: ಮಿಶ್ರ ವಾಸ್ತವವನ್ನು ಕೆಲವರು ಎಂ.ಆರ್. ಎಂದು ಮೊಟಕುಗೊಳಿಸುತ್ತಾರೆ. ಎಂ.ಆರ್.ಐ. ಸ್ಕ್ಯಾನ್‌ಗೂ ಅದಕ್ಕೂ ಸಂಬಂಧವಿಲ್ಲ.

ರೋಬೋಟ್ ಇವುಗಳಿಂದ ಬೇರೆ. ರೋಬೋಟಿನ ತೋಳು ಗರಗಸವನ್ನೋ ಅದರ ಮಾರ್ಗದರ್ಶಿ ಪಟ್ಟಿಯನ್ನೋ ಹಿಡಿದು, ಯೋಜಿಸಿದ ಗೆರೆಯಾಚೆ ಹೋಗದಂತೆ ಕೈಯನ್ನು ತಡೆಯಬಲ್ಲದು. ಕನ್ನಡಕಕ್ಕೆ ಅಂಥ ತಡೆಯುವ ಶಕ್ತಿ ಇಲ್ಲ. ಅದು ತೋರಿಸಬಲ್ಲದು, ಅಷ್ಟೆ. ನ್ಯಾವಿಗೇಷನ್ ಈ ಕನ್ನಡಕದ ನೇರ ಪೂರ್ವಜ. ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ 1997ರಲ್ಲಿ ಕಂಪ್ಯೂಟರ್ ನ್ಯಾವಿಗೇಷನ್ ನೆರವಿನ ಮೊದಲ ಮಂಡಿ ಬದಲಾವಣೆ ನಡೆಯಿತು. ಅದರಲ್ಲಿ ವೈದ್ಯರು ರೋಗಿಯ ಕಾಲಿನಿಂದ ಕಣ್ಣೆತ್ತಿ ದೂರದ ಪರದೆ ನೋಡಬೇಕಿತ್ತು. ಕಣ್ಣೆತ್ತದೆ ಅದೇ ಮಾಹಿತಿ ಸಿಗಲಿ ಎಂಬುದೇ ಕನ್ನಡಕದ ಮೂಲ ಆಶಯ.

ಕನ್ನಡಕದಲ್ಲಿಯೂ ಎರಡು ಬಗೆಗಳಿವೆ, ಮತ್ತು ಇವುಗಳ ವ್ಯತ್ಯಾಸ ತಿಳಿದಿರುವುದು ಬಹಳ ಉಪಯುಕ್ತ. ಒಂದು ಬಗೆ ಸರಳ: ಕನ್ನಡಕದ ಅಂಚಿನ ಪುಟ್ಟ ಪರದೆಯಲ್ಲಿ ಕೋನ ಎಷ್ಟು, ದಪ್ಪ ಎಷ್ಟು ಎಂಬ ಅಂಕಿಗಳು ಕಾಣುತ್ತವೆ. ಫ್ರಾನ್ಸ್‌ನ ಪಿಕ್ಸೀ ಮೆಡಿಕಲ್ ಸಂಸ್ಥೆಯ ನೀ ಪ್ಲಸ್ ಈ ಜಾತಿಯದು. ಇನ್ನೊಂದು ಬಗೆಯಲ್ಲಿ ಮೂರು ಆಯಾಮದ ಚಿತ್ರವನ್ನು ರೋಗಿಯ ಮೂಳೆಯ ಮೇಲೆ ಅಥವಾ ಅದರ ಪಕ್ಕದಲ್ಲಿ ತೇಲಿಸಲಾಗುತ್ತದೆ. ಪ್ಯಾರಿಸ್ ಬಳಿಯ ಬೊಬಿನಿಯ ಅವಿಸೆನ್ ಆಸ್ಪತ್ರೆಯಲ್ಲಿ 2017ರ ಡಿಸೆಂಬರ್‌ನಲ್ಲಿ ಡಾ. ಥಾಮಸ್ ಗ್ರೆಗರಿ ಅವರು ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಧರಿಸಿ ಭುಜದ ಕೀಲು ಬದಲಾಯಿಸಿದ್ದು ಈ ಎರಡನೆಯ ಬಗೆಗೆ ಮೊದಲ ದೊಡ್ಡ ಉದಾಹರಣೆ.

ಎರಡನೆಯ ಬಗೆ ನೋಡಲು ಬೆರಗು ಹುಟ್ಟಿಸುತ್ತದೆ. ಆದರೆ ಅದಕ್ಕೊಂದು ದೃಷ್ಟಿಯ ತೊಡಕಿದೆ. ಹೋಲೋಲೆನ್ಸ್‌ನಂಥ ಸಾಧನಗಳ ಮಸೂರಗಳು ಚಿತ್ರವನ್ನು ಸುಮಾರು 2 ಮೀಟರ್ ದೂರದಲ್ಲಿ ಕೇಂದ್ರೀಕರಿಸುವಂತೆ ರೂಪುಗೊಂಡಿವೆ. ಶಸ್ತ್ರವೈದ್ಯರ ಕೈ ಇರುವುದು ಅರ್ಧ ಮೀಟರ್ ದೂರದಲ್ಲಿ. ಕಣ್ಣು ಎರಡನ್ನೂ ಏಕಕಾಲಕ್ಕೆ ತಿಳಿಯಾಗಿ ಕಾಣಲಾರದೆ ಆಳದ ಅಂದಾಜಿನಲ್ಲಿ ತಪ್ಪುವ ಸಂಭವವಿದೆ. ಜೊತೆಗೆ ಶಸ್ತ್ರಚಿಕಿತ್ಸಾ ಕೊಠಡಿಯ ಪ್ರಖರ ದೀಪದಲ್ಲಿ ತೇಲುವ ಚಿತ್ರ ಮಂಕಾಗುತ್ತದೆ, ಮತ್ತು ವೈದ್ಯರ ಕೈ ಅಡ್ಡ ಬಂದರೂ ಚಿತ್ರ ಕೈಯ ಮುಂದೆಯೇ ಇರುವಂತೆ ಕಂಡು ದಾರಿ ತಪ್ಪಿಸಬಹುದು. ಆದ್ದರಿಂದ ಮಂಡಿಯ ಮಟ್ಟಿಗೆ, ಅಂಕಿಗಳನ್ನು ಮಾತ್ರ ತೋರಿಸುವ ಸರಳ ಕನ್ನಡಕವು ಬಣ್ಣದ ಮೂಳೆಯನ್ನು ತೇಲಿಸುವ ಕನ್ನಡಕಕ್ಕಿಂತ ಕಡಿಮೆಯದು ಎಂದು ಭಾವಿಸಬೇಕಾಗಿಲ್ಲ. ಗರಗಸ ಕೈಯಲ್ಲಿರುವ ಹೊತ್ತಿನಲ್ಲಿ ಬೇಕಾದದ್ದು ನಂಬಬಹುದಾದ ಒಂದು ಅಂಕಿ ಎಂಬುದು ನನ್ನ ಅಭಿಪ್ರಾಯ.

ಹೆಜ್ಜೆ 3: ನಿಮ್ಮ ಕೀಲಿನಲ್ಲಿ ಅದು ಯಾವ ತೊಂದರೆಯನ್ನು ಬಗೆಹರಿಸುತ್ತದೆ ಎಂದು ಕೇಳಿ

ಮಂಡಿಯಲ್ಲಿ ಪ್ರಶ್ನೆ ಮುಖ್ಯವಾಗಿ ಕಾಲಿನ ನೇರದ್ದು. ತೊಡೆಮೂಳೆಯ ಮೇಲಿನ ಗುಂಡಿನ ನಡುವಿನಿಂದ ಹರಡಿನ (ಪಾದದ ಮೇಲಿನ ಕೀಲಿನ) ನಡುವಿಗೆ ಎಳೆದ ಗೆರೆ ಮಂಡಿಯ ನಡುವಿನ ಮೂಲಕ ಹಾದುಹೋಗಬೇಕು, ಹೆಚ್ಚುಕಡಿಮೆ 3 ಡಿಗ್ರಿಯೊಳಗೆ ಇರಬೇಕು ಎಂಬುದು ದಶಕಗಳಿಂದ ಬಂದ ಗುರಿ. ಈ 3 ಡಿಗ್ರಿ ಎಷ್ಟು ದೊಡ್ಡದು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು: ಮಂಡಿಯಲ್ಲಿ 3 ಡಿಗ್ರಿ ತಪ್ಪಿದರೆ ಅದರ 40 ಸೆಂಟಿಮೀಟರ್ ಕೆಳಗಿರುವ ಹರಡು ಸುಮಾರು 2 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ನಡೆಯುವಾಗ ದೇಹದ ಭಾರ ಹಲಗೆಯ ಒಂದೇ ಅಂಚಿನ ಮೇಲೆ ಬೀಳತೊಡಗುತ್ತದೆ. ಸಾಮಾನ್ಯ ವಿಧಾನದಲ್ಲಿ ಈ ಕೋನವನ್ನು ತೊಡೆಮೂಳೆಯ ಒಳಗೆ ತೂರಿಸಿದ ಸರಳಿನಿಂದಲೂ, ಕಣಕಾಲಿನ ಹೊರಗೆ ಕಟ್ಟಿದ ಸರಳಿನಿಂದಲೂ ಹೊಂದಿಸುತ್ತಾರೆ. ಅನುಭವಿ ಕೈಗಳಲ್ಲಿ ಅದು ಬಹುಪಾಲು ಸರಿಯಾಗಿಯೇ ಬರುತ್ತದೆ.

ಹಾಗಾದರೆ ಕನ್ನಡಕದಿಂದ ಹೆಚ್ಚು ಲಾಭ ಯಾರಿಗೆ? ಹಿಂದೆ ಅಪಘಾತದಲ್ಲಿ ತೊಡೆ ಮುರಿದು ಸೊಟ್ಟಗೆ ಕೂಡಿಕೊಂಡವರಿಗೆ. ಮೂಳೆಯೊಳಗೆ ಹಳೆಯ ಸರಳೋ ಹೊರಗೆ ಪ್ಲೇಟೋ ಇದ್ದು ಅಳತೆಯ ಸರಳನ್ನು ತೂರಿಸಲಾಗದವರಿಗೆ. ಹುಟ್ಟಿನಿಂದಲೋ ಕಾಯಿಲೆಯಿಂದಲೋ ತೊಡೆಮೂಳೆ ಬಿಲ್ಲಿನಂತೆ ಬಾಗಿರುವವರಿಗೆ. ಇಂಥವರಲ್ಲಿ ಸಾಮಾನ್ಯ ಸರಳು ಸುಳ್ಳು ಹೇಳುತ್ತದೆ ಅಥವಾ ಬಳಕೆಗೇ ಬರುವುದಿಲ್ಲ, ಹೊರಗಿನಿಂದ ಕೋನ ಅಳೆಯುವ ಯಾವ ಸಾಧನವಾದರೂ ದೊಡ್ಡ ಆಸರೆಯಾಗುತ್ತದೆ. ನಿಮ್ಮ ಕಾಲಿನಲ್ಲಿ ಇಂಥ ವಿಶೇಷ ಕಾರಣವೇನಾದರೂ ಇದೆಯೇ ಎಂದು ವೈದ್ಯರನ್ನು ಕೇಳಿ. ಇಲ್ಲ ಎಂಬ ಉತ್ತರ ಬಂದರೆ ತಂತ್ರಜ್ಞಾನದ ಆಯ್ಕೆ ಅಷ್ಟು ತುರ್ತಿನದಲ್ಲ ಎಂದು ತಿಳಿಯಬಹುದು.

ಕಾಲಿನ ನೇರವೊಂದೇ ಸಾಲದು ಎಂಬುದನ್ನೂ ಹೇಳಬೇಕು. ಮೂಳೆಗಳನ್ನು ಹಿಡಿದಿಡುವ, ಮಂಡಿಯ ಎರಡೂ ಪಕ್ಕದ ರಜ್ಜುಗಳು ಮಡಿಸಿದಾಗಲೂ ಚಾಚಿದಾಗಲೂ ಸಮನಾದ ಬಿಗಿತದಲ್ಲಿರಬೇಕು. ಇದನ್ನು ಅಳೆಯಲು ಸ್ವಿಟ್ಜರ್ಲೆಂಡ್‌ನ ಮೆಡಾಕ್ಟಾ ಸಂಸ್ಥೆಯ ನೆಕ್ಸ್ಟ್‌ಎಆರ್‌ನಂಥ ವ್ಯವಸ್ಥೆಗಳು ಪ್ರಯತ್ನಿಸುತ್ತವೆ. 2020ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಮಂಡಿಗಾಗಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೂ ರಜ್ಜು ಎಷ್ಟು ಸಡಿಲವಿರಬೇಕು ಎಂಬ ಕೊನೆಯ ತೀರ್ಮಾನ ಇಂದಿಗೂ ವೈದ್ಯರ ಕೈಯ ಸ್ಪರ್ಶದಲ್ಲಿದೆ.

ಸೊಂಟದ ಕೀಲಿನಲ್ಲಿ ಮುಖ್ಯವಾದದ್ದು ತೊಡೆಮೂಳೆಯ ಗುಂಡು ಕೂರುವ ಕೃತಕ ಬಟ್ಟಲಿನ ಓರೆ. ಬಟ್ಟಲು 40 ಡಿಗ್ರಿಯ ಆಸುಪಾಸಿನಲ್ಲಿ ವಾಲಿ, 15 ಡಿಗ್ರಿಯ ಆಸುಪಾಸಿನಲ್ಲಿ ಮುಂದಕ್ಕೆ ತಿರುಗಿರಬೇಕು, ಎರಡರಲ್ಲೂ 10 ಡಿಗ್ರಿ ಹೆಚ್ಚುಕಡಿಮೆಗೆ ಅವಕಾಶವಿದೆ ಎಂಬ ಸುರಕ್ಷಿತ ವಲಯವನ್ನು ಲೆವಿನೆಕ್ ಮತ್ತು ಸಂಗಡಿಗರು 1978ರಲ್ಲಿ ಸೂಚಿಸಿದರು. ರೋಗಿ ಮಗ್ಗುಲಾಗಿ ಮಲಗಿರುವಾಗ ಸೊಂಟ ಎಷ್ಟು ವಾಲಿದೆ ಎಂಬುದು ಬಟ್ಟೆ ಹೊದಿಸಿದ ಮೇಲೆ ಕಾಣುವುದಿಲ್ಲವಾದ್ದರಿಂದ ಕನ್ನಡಕದ ನೆರವು ಇಲ್ಲಿ ಅರ್ಥಪೂರ್ಣ. ಅಮೆರಿಕದಲ್ಲಿ ಹಿಪ್‌ಇನ್‌ಸೈಟ್ ಎಂಬ ವ್ಯವಸ್ಥೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಸುರಕ್ಷಿತ ವಲಯದೊಳಗೆ ಕೂರಿಸಿದ ಸೊಂಟಗಳೂ ಜಾರುವುದುಂಟು. ಬೆನ್ನುಮೂಳೆ ಗಡುಸಾದವರಲ್ಲಿ ಕೂತಾಗ, ನಿಂತಾಗ ಸೊಂಟ ಹೊರಳುವ ರೀತಿಯೇ ಬೇರೆ. ಬೆನ್ನಿನ ಶಸ್ತ್ರಚಿಕಿತ್ಸೆ ಆಗಿದ್ದವರು ಅದನ್ನು ಮರೆಯದೆ ಹೇಳಬೇಕು.

ಭುಜದಲ್ಲಿ ಕೆಲಸ ನಡೆಯುವ ಮೂಳೆ ಚಿಕ್ಕದು, ಗಾಯದ ಬಾಯಿ ಆಳ. ಅಲ್ಲಿ ಮೂರು ಆಯಾಮದ ಚಿತ್ರವೇ ಹೆಚ್ಚು ಉಪಕಾರಿ.

ಹೆಜ್ಜೆ 4: ಯೋಜನೆ ಯಾವ ಚಿತ್ರದ ಮೇಲೆ ನಿಂತಿದೆ ಎಂದು ತಿಳಿಯಿರಿ

ಕೆಲವು ವ್ಯವಸ್ಥೆಗಳಿಗೆ ಮುಂಚಿತವಾಗಿ ಸಿ.ಟಿ. ಸ್ಕ್ಯಾನ್ ಬೇಕು, ಅದರಿಂದ ನಿಮ್ಮದೇ ಮೂಳೆಯ ಮಾದರಿ ಸಿದ್ಧವಾಗುತ್ತದೆ. ಇನ್ನು ಕೆಲವು ಸ್ಕ್ಯಾನ್ ಇಲ್ಲದೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿಯೇ ಮೂಳೆಯ ಗುರುತುಗಳನ್ನು ಮುಟ್ಟಿ ಲೆಕ್ಕ ಹಾಕುತ್ತವೆ. ಮೊದಲನೆಯದರಲ್ಲಿ ವಿಕಿರಣವೂ ಖರ್ಚೂ ಹೆಚ್ಚು, ಮಾಹಿತಿಯೂ ಹೆಚ್ಚು. ಯಾವುದೇ ಇರಲಿ, ನಿಂತ ಭಂಗಿಯಲ್ಲಿ ಸೊಂಟದಿಂದ ಹರಡಿನವರೆಗೆ ಇಡೀ ಕಾಲನ್ನು ತೋರಿಸುವ ಉದ್ದನೆಯ ಎಕ್ಸ್‌ರೇ ತೆಗೆಸಿದ್ದಾರೆಯೇ ಎಂದು ನೋಡಿಕೊಳ್ಳಿ. ಮಂಡಿಯ ಸಣ್ಣ ಎಕ್ಸ್‌ರೇಯಿಂದ ಇಡೀ ಕಾಲಿನ ನೇರ ತಿಳಿಯುವುದಿಲ್ಲ. ಇಂಥ ಸರಳ ಚಿತ್ರವನ್ನು ಬಿಟ್ಟು ಕನ್ನಡಕದ ಬಗ್ಗೆ ಮಾತ್ರ ಮಾತಾಡುವ ಕಡೆ ಎಚ್ಚರದಿಂದಿರುವುದು ಒಳ್ಳೆಯದು.

ಕಾಲನ್ನು ಪೂರ್ತಿ ನೆಟ್ಟಗೆ ಮಾಡುವುದೇ ಗುರಿಯೋ, ಅಥವಾ ರೋಗಿಗೆ ಹುಟ್ಟಿನಿಂದ ಬಂದ ಅಲ್ಪ ಬಾಗನ್ನು ಉಳಿಸಿಕೊಳ್ಳುವುದು ಗುರಿಯೋ ಎಂಬುದು ಮೂಳೆ ವೈದ್ಯರೊಳಗೆ ಇನ್ನೂ ಮುಗಿಯದ ಚರ್ಚೆ. ನಿಮ್ಮ ವೈದ್ಯರ ಗುರಿ ಯಾವುದು, ಯಾಕೆ ಎಂದು ಕೇಳಿ. ಸಾಧನ ಎಷ್ಟೇ ನಿಖರವಾಗಿದ್ದರೂ ಗುರಿಯನ್ನು ಆರಿಸುವುದು ಅದರ ಕೆಲಸವಲ್ಲ. ನೆಲದ ಮೇಲೆ ಕೂತು ಊಟ ಮಾಡುವ, ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರುವ, ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕಳೆ ತೆಗೆಯುವ ಅಭ್ಯಾಸವಿದ್ದರೆ ಈ ಭೇಟಿಯಲ್ಲಿಯೇ ಹೇಳಿಬಿಡಿ. ಬದಲಾಯಿಸಿದ ಮಂಡಿಯ ಮೇಲೆ ಅವುಗಳಲ್ಲಿ ಯಾವುದಕ್ಕೆ ಅವಕಾಶ, ಯಾವುದನ್ನು ಬಿಡಬೇಕು ಎಂಬ ಮಾತು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆಗಬೇಕು.

ಹೆಜ್ಜೆ 5: ಬಾಂದುಕಲ್ಲಿನ ಪ್ರಶ್ನೆ ಕೇಳಿ

ಇಡೀ ತಂತ್ರದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕನ್ನಡಕದ ಕ್ಯಾಮೆರಾಗಳಿಗೆ ಮೂಳೆ ಯಾವುದು, ಮಾಂಸ ಯಾವುದು ಎಂಬ ಅರಿವಿರುವುದಿಲ್ಲ. ಆದ್ದರಿಂದ ವೈದ್ಯರು ತೊಡೆಮೂಳೆಗೂ ಕಣಕಾಲು ಮೂಳೆಗೂ ಸಣ್ಣ ಮೊಳೆಗಳ ಮೂಲಕ ಗುರುತಿನ ಫಲಕಗಳನ್ನು ಬಿಗಿಯುತ್ತಾರೆ. ಈ ಫಲಕಗಳನ್ನು, ಅವುಗಳ ಮೇಲಿನ ಕಪ್ಪುಬಿಳುಪು ಚೌಕಗಳಿಂದಲೋ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಿಂದಲೋ, ಕ್ಯಾಮೆರಾ ಗುರುತಿಸುತ್ತದೆ. ಬಳಿಕ ವೈದ್ಯರು ಗುರುತು ಹಾಕಿದ ಕಡ್ಡಿಯೊಂದರಿಂದ ಮೂಳೆಯ ನಿರ್ದಿಷ್ಟ ಬಿಂದುಗಳನ್ನು ಒಂದೊಂದಾಗಿ ಮುಟ್ಟಿ ಕಂಪ್ಯೂಟರಿಗೆ ತೋರಿಸುತ್ತಾರೆ. ಸೊಂಟದ ಗುಂಡು ಕೈಗೆ ಸಿಗದ ಜಾಗದಲ್ಲಿರುವುದರಿಂದ, ಕಾಲನ್ನು ಹಿಡಿದು ವೃತ್ತಾಕಾರವಾಗಿ ತಿರುಗಿಸುತ್ತಾರೆ. ಆ ಚಲನೆಯ ಕೇಂದ್ರವನ್ನು ಕಂಪ್ಯೂಟರ್ ಲೆಕ್ಕ ಹಾಕಿಕೊಳ್ಳುತ್ತದೆ. ಈ ಇಡೀ ಪ್ರಕ್ರಿಯೆಯನ್ನು ವೈದ್ಯರು ರಿಜಿಸ್ಟ್ರೇಷನ್ ಎನ್ನುತ್ತಾರೆ.

ಜಮೀನಿನ ಸರ್ವೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನಕ್ಷೆ ಎಷ್ಟೇ ಶುದ್ಧವಾಗಿರಲಿ, ಅಳತೆ ಶುರುವಾದ ಬಾಂದುಕಲ್ಲೇ ಜಾಗ ಬಿಟ್ಟು ಸರಿದಿದ್ದರೆ ಹದ್ದಿನ ಗೆರೆಗಳೆಲ್ಲ ಪಕ್ಕದವರ ಹೊಲಕ್ಕೆ ಬೀಳುತ್ತವೆ. ಮೂಳೆಯ ಮೇಲೂ ಹೀಗೆಯೇ. ಮಂಡಿಯಿಂದ 40 ಸೆಂಟಿಮೀಟರ್ ಕೆಳಗಿನ ಹರಡಿನ ಬಿಂದುವನ್ನು 7 ಮಿಲಿಮೀಟರ್ ಪಕ್ಕಕ್ಕೆ ಮುಟ್ಟಿಸಿದರೆ ಕೋನ ತಪ್ಪುವುದು ಸುಮಾರು 1 ಡಿಗ್ರಿ ಮಾತ್ರ. ಆದರೆ ತೊಡೆಮೂಳೆಯ ಕೆಳತುದಿಯ ಎರಡು ಪಕ್ಕದ ಉಬ್ಬುಗಳ ನಡುವಣ ಅಂತರ ಸುಮಾರು 8 ಸೆಂಟಿಮೀಟರ್ ಇರುವಾಗ, ಅವುಗಳಲ್ಲಿ ಒಂದನ್ನು 4 ಮಿಲಿಮೀಟರ್ ತಪ್ಪಾಗಿ ಮುಟ್ಟಿದರೂ ಹೊದಿಕೆಯ ತಿರುವು ಸುಮಾರು 3 ಡಿಗ್ರಿ ತಪ್ಪುತ್ತದೆ. ತಪ್ಪಿದ ಮೇಲೂ ಕನ್ನಡಕದಲ್ಲಿ ಕಾಣುವ ಅಂಕಿ ದಶಾಂಶದವರೆಗೆ ಅಚ್ಚುಕಟ್ಟಾಗಿಯೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ಈ ತಂತ್ರದ ನಿಜವಾದ ಅಪಾಯ ಇದು: ಅದರ ತಪ್ಪು ತಪ್ಪಿನಂತೆ ಕಾಣುವುದಿಲ್ಲ.

ಸ್ಥೂಲ ದೇಹದವರಲ್ಲಿ ಗುರುತುಗಳು ಕೈಗೆ ಸುಲಭವಾಗಿ ಸಿಗುವುದಿಲ್ಲ. ಸೊಂಟದ ಕೀಲು ಗಡುಸಾಗಿದ್ದವರಲ್ಲಿ ಕಾಲನ್ನು ತಿರುಗಿಸಿ ಕೇಂದ್ರ ಕಂಡುಹಿಡಿಯುವುದು ಕಷ್ಟ. ಮೂಳೆ ಟೊಳ್ಳಾದವರಲ್ಲಿ ಮೊಳೆ ಸಡಿಲಗೊಂಡು ಫಲಕ ಅಲುಗಬಹುದು, ಅಪರೂಪಕ್ಕೆ ಮೊಳೆಯ ತೂತಿನಲ್ಲಿಯೇ ಮೂಳೆ ಬಿರಿಯಬಹುದು. ಸಹಾಯಕರ ಮೊಣಕೈ ತಾಗಿ ಫಲಕ ಕೂದಲೆಳೆಯಷ್ಟು ಸರಿದರೂ ಆಮೇಲಿನ ಅಂಕಿಗಳನ್ನು ನಂಬುವಂತಿಲ್ಲ.

ಆದ್ದರಿಂದ ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ. ರಿಜಿಸ್ಟ್ರೇಷನ್ ಮುಗಿದ ಮೇಲೆ ಗೊತ್ತಿರುವ ಬಿಂದುವೊಂದನ್ನು ಮತ್ತೆ ಮುಟ್ಟಿ ಪರೀಕ್ಷಿಸುತ್ತೀರಾ? ಮೂಳೆ ಕತ್ತರಿಸಿದ ಮೇಲೆ ಆ ಮೈಯ ಮೇಲೆ ಫಲಕವನ್ನಿಟ್ಟು ನಿಜವಾಗಿ ಬಂದ ಕೋನವನ್ನು ಅಳೆಯುತ್ತೀರಾ? ಕನ್ನಡಕದ ಅಂಕಿಯೂ ನಿಮ್ಮ ಕಣ್ಣಂದಾಜೂ ಹೊಂದದಿದ್ದರೆ ಏನು ಮಾಡುತ್ತೀರಿ? ನಡುವೆ ಸಾಧನ ಕೈಕೊಟ್ಟರೆ ಸಾಮಾನ್ಯ ಸಲಕರಣೆಗಳ ಪೆಟ್ಟಿಗೆ ಅದೇ ಕೊಠಡಿಯಲ್ಲಿ ಸಿದ್ಧವಿರುತ್ತದೆಯೇ? ಈ ಪ್ರಶ್ನೆಗಳನ್ನು ಕೇಳಲು ಅಳುಕಬೇಕಾಗಿಲ್ಲ. ತಮ್ಮ ಕೆಲಸವನ್ನು ಪ್ರೀತಿಸುವ ವೈದ್ಯರು ಇವಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾರೆ, ಅನೇಕ ವೇಳೆ ಕಾಗದ ತೆಗೆದು ಚಿತ್ರ ಬರೆದು ತೋರಿಸುತ್ತಾರೆ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರವನ್ನು ವಿಶೇಷವಾಗಿ ಗಮನಿಸಿ. ನಿಲ್ಲಿಸಿ ಮತ್ತೆ ಅಳೆಯುತ್ತೇನೆ ಎನ್ನುವವರ ಕೈಯಲ್ಲಿ ನಿಮ್ಮ ಕಾಲು ಸುರಕ್ಷಿತ.

ಹೆಜ್ಜೆ 6: ಆಧಾರ ಎಷ್ಟಿದೆ ಎಂಬುದನ್ನು ತೂಗಿ ನೋಡಿ

ಹಲವು ಅಧ್ಯಯನಗಳಲ್ಲಿ ಈ ಕನ್ನಡಕಗಳ ಕೋನದ ತಪ್ಪು ಸರಾಸರಿ 1ರಿಂದ 2 ಡಿಗ್ರಿಯ ಆಸುಪಾಸಿನಲ್ಲಿದೆ, ಅಂದರೆ ನ್ಯಾವಿಗೇಷನ್ನಿನ ಹತ್ತಿರಕ್ಕೆ ಬರುತ್ತದೆ. ಅದು ಮೆಚ್ಚತಕ್ಕ ಸಾಧನೆ. ಆದರೆ ಕೋನ ನಿಖರವಾಗಿ ಬಂತು ಎಂಬುದಕ್ಕೂ ರೋಗಿ ಸುಖವಾಗಿ ನಡೆದಾಡಿದರು ಎಂಬುದಕ್ಕೂ ನಡುವೆ ದೂರವಿದೆ. ಮಂಡಿ ಬದಲಾಯಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು ಪೂರ್ತಿ ತೃಪ್ತರಾಗಿರುವುದಿಲ್ಲ ಎಂಬುದು ಹಲವು ದೇಶಗಳ ಅನುಭವ; ಅದಕ್ಕೆ ಕಾರಣ ಅನೇಕ, ಕೋನ ಅವುಗಳಲ್ಲಿ ಒಂದು.

ಕನ್ನಡಕದ ಪೂರ್ವಜನ ಕಥೆಯನ್ನು ನೋಡಿದರೆ ಭವಿಷ್ಯದ ಅಂದಾಜು ಸಿಗುತ್ತದೆ. ನ್ಯಾವಿಗೇಷನ್ ಬಂದ ಮೇಲೆ ಕೋನ ದೊಡ್ಡದಾಗಿ ತಪ್ಪಿದ ಮಂಡಿಗಳ ಸಂಖ್ಯೆ ಇಳಿಯಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಕೀಲು ಬದಲಾವಣೆ ನೋಂದಣಿಯ ಮಾಹಿತಿಯನ್ನು ಆಧರಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 65 ವರ್ಷದೊಳಗಿನವರಲ್ಲಿ ಒಂಬತ್ತು ವರ್ಷಗಳಲ್ಲಿ ಮರು ಶಸ್ತ್ರಚಿಕಿತ್ಸೆಯ ಪ್ರಮಾಣ ನ್ಯಾವಿಗೇಷನ್ ಇಲ್ಲದೆ ಶೇ 7.8 ಇದ್ದದ್ದು ನ್ಯಾವಿಗೇಷನ್ ಬಳಸಿದಾಗ ಶೇ 6.3 ಇತ್ತು. ವ್ಯತ್ಯಾಸ ನಿಜ, ಆದರೆ ಚಿಕ್ಕದು, ಮತ್ತು ಅದು ಕಾಣಿಸಿಕೊಳ್ಳಲು ವರ್ಷಗಳೇ ಬೇಕಾದವು. ಇನ್ನೊಂದೆಡೆ, 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳುತ್ತವೆ. ಅಷ್ಟು ಹಿಂದೆ ಈ ಕನ್ನಡಕಗಳು ಇರಲೇ ಇಲ್ಲ. ಒಳ್ಳೆಯ ಕೈ ಮತ್ತು ಒಳ್ಳೆಯ ಸಾಮಾನ್ಯ ಸಲಕರಣೆಗಳಿಂದ ಆದ ಕೆಲಸವೇ ಇಷ್ಟು ಕಾಲ ಬಾಳಿದೆ ಎಂಬುದನ್ನು, ಕನ್ನಡಕವಿಲ್ಲದ ಊರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದವರು ಧೈರ್ಯಕ್ಕಾಗಿ ನೆನೆಯಬೇಕು.

ಎಫ್‌ಡಿಎ ಒಪ್ಪಿದೆ ಎಂಬ ಮಾತಿನ ಅರ್ಥವನ್ನೂ ಸರಿಯಾಗಿ ತಿಳಿಯಬೇಕು. ಇಂಥ ಸಾಧನಗಳು ಹೆಚ್ಚಾಗಿ 510ಕೆ ಎಂಬ ದಾರಿಯಲ್ಲಿ ಬರುತ್ತವೆ. ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಸುರಕ್ಷತೆ ಮತ್ತು ಕಾರ್ಯದಲ್ಲಿ ಸರಿಸಮ ಎಂಬುದನ್ನು ಅಲ್ಲಿ ತೋರಿಸಬೇಕಾಗುತ್ತದೆ. ರೋಗಿಗೆ ಫಲಿತಾಂಶ ಉತ್ತಮವಾಗುತ್ತದೆ ಎಂದು ಸಾಬೀತುಪಡಿಸುವ ಷರತ್ತು ಅಲ್ಲಿಲ್ಲ. ಭಾರತದಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ, 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಬಳಸುವ ವ್ಯವಸ್ಥೆಗೆ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಪರವಾನಗಿ ಇದೆಯೇ ಎಂದು ಕೇಳುವುದು ರೋಗಿಯ ಹಕ್ಕು.

ಯಾವ ಕನ್ನಡಕ ಎಂಬುದನ್ನೂ ಕೇಳಿ. ಹಲವು ಶಸ್ತ್ರಚಿಕಿತ್ಸಾ ತಂತ್ರಾಂಶಗಳು ಹೋಲೋಲೆನ್ಸ್ 2ರ ಮೇಲೆ ಬೆಳೆದವು. ಮೈಕ್ರೋಸಾಫ್ಟ್ ಅದರ ತಯಾರಿಕೆ ನಿಲ್ಲಿಸಿದ್ದನ್ನು 2024ರ ಅಕ್ಟೋಬರ್‌ನಲ್ಲಿ ತಿಳಿಸಿತು, ತಂತ್ರಾಂಶದ ಸುರಕ್ಷತಾ ಪರಿಷ್ಕರಣೆಗಳು 2027ರ ಅಂತ್ಯದವರೆಗೆ ಎಂದು ಹೇಳಿತು. ಒಮ್ಮೆ ಶಸ್ತ್ರಚಿಕಿತ್ಸೆ ಮುಗಿದರೆ ಕನ್ನಡಕದ ಆಯಸ್ಸಿಗೂ ನಿಮ್ಮ ಕೀಲಿಗೂ ಸಂಬಂಧವಿಲ್ಲ. ಆದರೆ ಇನ್ನೊಂದು ಕಾಲನ್ನು ಎರಡು ವರ್ಷದ ನಂತರ ಮಾಡಿಸುವ ಯೋಚನೆಯಿದ್ದರೆ, ಅದೇ ವಿಧಾನ ಆಗಲೂ ಸಿಗುತ್ತದೆ ಎಂದು ಎಣಿಸಬೇಡಿ.

ಹೆಜ್ಜೆ 7: ಕೈ, ಖರ್ಚು, ಒಪ್ಪಿಗೆ ಪತ್ರ

ವರ್ಷಕ್ಕೆ ಎಷ್ಟು ಮಂಡಿ ಬದಲಾವಣೆ ಮಾಡುತ್ತೀರಿ, ಅವುಗಳಲ್ಲಿ ಈ ಕನ್ನಡಕದಿಂದ ಮಾಡಿದವು ಎಷ್ಟು, ಎಂಬ ಎರಡೂ ಅಂಕಿಗಳನ್ನು ಕೇಳಿ. ಹೊಸ ಸಾಧನ ಕೈಗೆ ಹೊಂದಿಕೊಳ್ಳುವವರೆಗೆ ಶಸ್ತ್ರಚಿಕಿತ್ಸೆಯ ಅವಧಿ ಹೆಚ್ಚುತ್ತದೆ, ಅವಧಿ ಬಹಳ ಹೆಚ್ಚಿದರೆ ಸೋಂಕಿನ ಸಾಧ್ಯತೆಯೂ ಹೆಚ್ಚುತ್ತದೆ. ಸಾಮಾನ್ಯ ವಿಧಾನದಲ್ಲಿ ನುರಿತ ವೈದ್ಯರು ಮತ್ತು ಕನ್ನಡಕವಿದ್ದೂ ಅನುಭವ ಕಡಿಮೆಯಿರುವ ವೈದ್ಯರು, ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದರೆ ನಾನು ಮೊದಲನೆಯವರ ಕಡೆಗೇ ವಾಲುತ್ತೇನೆ.

ಖರ್ಚಿನ ಅಂದಾಜನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಕೃತಕ ಕೀಲಿನ ಬೆಲೆ, ತಂತ್ರಜ್ಞಾನದ ಶುಲ್ಕ, ಒಮ್ಮೆ ಬಳಸಿ ಎಸೆಯುವ ಫಲಕಗಳ ಬೆಲೆ, ಸ್ಕ್ಯಾನ್, ಕೊಠಡಿ, ಫಿಸಿಯೋಥೆರಪಿ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಆಗಸ್ಟ್‌ನಲ್ಲಿ ಮಂಡಿಯ ಕೃತಕ ಕೀಲುಗಳಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು; ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಈ ಮಿತಿ ಕೀಲಿಗೆ ಮಾತ್ರ. ತಂತ್ರಜ್ಞಾನದ ಶುಲ್ಕ ಅದರೊಳಗೆ ಬರುವುದಿಲ್ಲವಾದ್ದರಿಂದ ಒಟ್ಟು ಮೊತ್ತವನ್ನು ಮಾತ್ರ ನೋಡಿ ಸಹಿ ಹಾಕಬೇಡಿ. ವಿಮೆ ಇರುವವರು ಅಥವಾ ಸರ್ಕಾರಿ ಯೋಜನೆಯಡಿ ಚಿಕಿತ್ಸೆ ಪಡೆಯುವವರು ಆ ಶುಲ್ಕ ತಮಗೆ ಸಿಗುವ ಮೊತ್ತದಲ್ಲಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು. ಆ ಶುಲ್ಕವನ್ನು ಭರಿಸಲು ಸಾಲ ಮಾಡುವ ಪರಿಸ್ಥಿತಿ ಇದ್ದರೆ, ವಿಶೇಷ ಕಾರಣವಿಲ್ಲದ ಸಾಮಾನ್ಯ ಮಂಡಿಗೆ ಆ ಸಾಲ ಬೇಡ. ಅದೇ ಹಣ ಮೂರು ತಿಂಗಳ ಫಿಸಿಯೋಥೆರಪಿಗೆ, ಮನೆಯ ಬಚ್ಚಲಲ್ಲಿ ಹಿಡಿಕೆ ಹಾಕಿಸುವುದಕ್ಕೆ, ಎತ್ತರದ ಕಮೋಡ್‌ಗೆ ಹೋದರೆ ಹೆಚ್ಚು ಉಪಕಾರವಾಗುತ್ತದೆ.

ಒಪ್ಪಿಗೆ ಪತ್ರದಲ್ಲಿ ಎರಡು ಸಂಗತಿಗಳನ್ನು ಹುಡುಕಿ. ಗುರುತಿನ ಫಲಕಗಳಿಗಾಗಿ ಮೂಳೆಗೆ ಮೊಳೆ ಹಾಕುವ ವಿಷಯ ಮತ್ತು ಅದರ ಅಪಾಯಗಳು ನಮೂದಾಗಿರಬೇಕು. ಕನ್ನಡಕದಲ್ಲಿ ಕ್ಯಾಮೆರಾ ಇರುವುದರಿಂದ ಚಿತ್ರೀಕರಣ ನಡೆಯುತ್ತದೆಯೇ, ಅದನ್ನು ಯಾರು ಇಟ್ಟುಕೊಳ್ಳುತ್ತಾರೆ, ಬೋಧನೆಗೋ ಪ್ರಚಾರಕ್ಕೋ ಬಳಸುತ್ತಾರೆಯೇ ಎಂಬುದೂ ಬರಹದಲ್ಲಿರಬೇಕು. ಚಿಕಿತ್ಸೆಗೆ ಒಪ್ಪಿ ಚಿತ್ರೀಕರಣದ ಬಳಕೆಗೆ ಒಪ್ಪದಿರಲು ನಿಮಗೆ ಸ್ವಾತಂತ್ರ್ಯವಿದೆ. ಕನ್ನಡದಲ್ಲಿ ಒಪ್ಪಿಗೆ ಪತ್ರ ಬೇಕೆಂದು ಕೇಳಿ. ಇಲ್ಲವಾದರೆ ಓದಿ ಅರ್ಥ ಹೇಳುವವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಹೆಜ್ಜೆ 8: ಶಸ್ತ್ರಚಿಕಿತ್ಸೆಯ ನಂತರ ಜೋಪಾನವಾಗಿ ಇಟ್ಟುಕೊಳ್ಳಬೇಕಾದವು

ಕನ್ನಡಕದಿಂದ ಮಾಡಿದ ಮಂಡಿಗೂ ಸಾಮಾನ್ಯ ಮಂಡಿಗೂ ಆರೈಕೆ ಒಂದೇ. ವೈದ್ಯರು ಹೇಳಿದಂತೆ ಅದೇ ದಿನ ಅಥವಾ ಮರುದಿನ ಎದ್ದು ನಿಲ್ಲುವುದು, ಪಾದವನ್ನು ಮೇಲೆ ಕೆಳಗೆ ಆಡಿಸುವುದು, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧವನ್ನು ತಪ್ಪಿಸದಿರುವುದು, ಮಂಡಿಯನ್ನು ಪೂರ್ತಿ ಚಾಚುವ ವ್ಯಾಯಾಮವನ್ನು ಮಡಿಸುವ ವ್ಯಾಯಾಮದಷ್ಟೇ ಶ್ರದ್ಧೆಯಿಂದ ಮಾಡುವುದು. ಹೆಚ್ಚುವರಿಯಾಗಿ ನೋಡಬೇಕಾದದ್ದು ಒಂದಿದೆ: ತೊಡೆಯಲ್ಲಿ ಮತ್ತು ಕಣಕಾಲಿನಲ್ಲಿ ಮೊಳೆ ಹಾಕಿದ್ದ ಜಾಗ. ಅಲ್ಲಿ ಕೀವು, ಕೆಂಪು, ಅಥವಾ ಕಾಲೂರಿದಾಗ ಹೊಸದಾಗಿ ಚುಚ್ಚುವ ನೋವು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ.

ಬಿಡುಗಡೆಯ ದಿನ ಒಂದು ಕಡತ ಮಾಡಿಕೊಳ್ಳಿ. ಕೃತಕ ಕೀಲಿನ ಪೆಟ್ಟಿಗೆಯ ಮೇಲಿನ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆಯಿರುವ ಚೀಟಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ವ್ಯವಸ್ಥೆ ದಾಖಲಿಸಿದ ಕೋನಗಳ ವರದಿಯ ಪ್ರತಿ, ಇವು ಅದರಲ್ಲಿರಲಿ. ಹದಿನೈದು ವರ್ಷಗಳ ನಂತರ ಬೇರೆ ಊರಿನಲ್ಲಿ ಬೇರೆ ವೈದ್ಯರು ಆ ಮಂಡಿಯನ್ನು ನೋಡಬೇಕಾದಾಗ ಅವರಿಗೆ ಮೊದಲು ಬೇಕಾಗುವುದು ಆ ಚೀಟಿ. ಆರು ವಾರಗಳ ಭೇಟಿಯ ಹೊತ್ತಿಗೆ ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲಲು ಸಾಧ್ಯವಾಗಿದ್ದರೆ, ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆಸಿದ್ದಂಥದೇ ಉದ್ದನೆಯ ಎಕ್ಸ್‌ರೇಯನ್ನು ಮತ್ತೆ ತೆಗೆಸಲು ಕೇಳಿ. ಆಗ ನಿಂತ ಭಂಗಿಯಲ್ಲಿ ಕಂಡ ಕೋನವನ್ನೂ ಕನ್ನಡಕ ಅಂದು ತೋರಿಸಿದ ಕೋನವನ್ನೂ ಅಕ್ಕಪಕ್ಕ ಬರೆಸಿ, ಅದೇ ಕಡತದಲ್ಲಿ ಇಟ್ಟುಕೊಳ್ಳಿ.